ಸೈಬರ್ ದಾಳಿಯ ಅಪಾಯ ಮತ್ತು ಮನೆಯ ಸಿದ್ಧತೆ

ನಗರವಾಸಿಗಳ ದಿನಚರಿಯು ಕಣ್ಣಿಗೆ ಕಾಣದ ಅನೇಕ ವ್ಯವಸ್ಥೆಗಳನ್ನು ಅವಲಂಬಿಸಿದೆ. ದೀಪದ ಬೆಳಕು, ನಲ್ಲಿಯ ನೀರು, ದೂರವಾಣಿ, ಬ್ಯಾಂಕು, ಆಸ್ಪತ್ರೆ, ರೈಲು ಇವೆಲ್ಲವೂ ಇಂದು ಗಣಕಯಂತ್ರಗಳ ನೆರವಿನಿಂದ ನಡೆಯುತ್ತವೆ. ಇದರಿಂದ ಸೇವೆಯ ವೇಗವೂ ದಕ್ಷತೆಯೂ ಹೆಚ್ಚಿವೆ. ಆದರೆ ದೂರದಲ್ಲೆಲ್ಲೋ ಕುಳಿತ ದುಷ್ಕರ್ಮಿಯು ಗಣಕಜಾಲದೊಳಕ್ಕೆ ನುಸುಳಿ ಈ ಸೇವೆಗಳಿಗೆ ಭಂಗ ತರುವ ಸಾಧ್ಯತೆಯೂ ಇದರೊಡನೆಯೇ ಹುಟ್ಟಿಕೊಂಡಿದೆ. ಇಂತಹ ಕೃತ್ಯವನ್ನು ಸೈಬರ್ ದಾಳಿ ಎಂದು ಕರೆಯಲಾಗುತ್ತದೆ.

ಹೈದರಾಬಾದು ನಗರವು ಈ ಅಪಾಯವನ್ನು ಹತ್ತಿರದಿಂದ ಕಂಡಿದೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಂದ ಉದ್ಯೋಗ, ವಿದ್ಯಾಭ್ಯಾಸ ಹಾಗೂ ಚಿಕಿತ್ಸೆಗಾಗಿ ಬಂದ ಕನ್ನಡ ಕುಟುಂಬಗಳು ಹಲವು ತಲೆಮಾರುಗಳಿಂದ ನೆಲೆಸಿರುವ ಈ ನಗರದ ಅನುಭವವು ಇತರ ನಗರಗಳ ಜನರಿಗೂ ಉಪಯುಕ್ತವಾದ ಪಾಠಗಳನ್ನು ಒಳಗೊಂಡಿದೆ.

ಒಂದಕ್ಕೊಂದು ಹೆಣೆದುಕೊಂಡ ವ್ಯವಸ್ಥೆಗಳು

ಮೂಲಸೌಕರ್ಯದ ಮೇಲಿನ ದಾಳಿಯ ಪರಿಣಾಮವು ಒಂದೇ ಸೇವೆಗೆ ಸೀಮಿತವಾಗಿ ಉಳಿಯುವುದಿಲ್ಲ. ಹೈದರಾಬಾದಿನ ಕುಡಿಯುವ ನೀರಿನ ಉದಾಹರಣೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ನಗರದ ನೀರಿನ ಬಹುಪಾಲು ಇಂದು ನಾಗಾರ್ಜುನಸಾಗರದ ಕೃಷ್ಣಾ ನೀರು ಮತ್ತು ಯೆಲ್ಲಂಪಲ್ಲಿಯ ಗೋದಾವರಿ ನೀರು. ಬೀದರ್ ಜಿಲ್ಲೆಯನ್ನು ಹಾದುಹೋಗುವ ಮಂಜೀರಾ ನದಿಯೂ ನಗರಕ್ಕೆ ನೀರುಣಿಸುತ್ತದೆ. ಕೃಷ್ಣಾ ಮತ್ತು ಗೋದಾವರಿಯ ನೀರನ್ನು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ, ತಗ್ಗಿನಿಂದ ಎತ್ತರಕ್ಕೆ, ವಿದ್ಯುತ್ ಪಂಪುಗಳ ಮೂಲಕ ಹಂತಹಂತವಾಗಿ ಏರಿಸಿ ತರಲಾಗುತ್ತದೆ. ವಿದ್ಯುತ್ ನಿಂತರೆ ಪಂಪುಗಳು ನಿಲ್ಲುತ್ತವೆ. ಪಂಪುಗಳು ನಿಂತರೆ ಕೆಲಕಾಲದಲ್ಲಿಯೇ ಬಡಾವಣೆಗಳ ನೀರಿನ ಸಂಗ್ರಹಾಗಾರಗಳು ಬರಿದಾಗುತ್ತವೆ. ಹತ್ತಾರು ಅಂತಸ್ತುಗಳ ಕಟ್ಟಡಗಳಲ್ಲಿ ನೆಲಮಟ್ಟದ ತೊಟ್ಟಿಯಲ್ಲಿ ನೀರಿದ್ದರೂ ಅದನ್ನು ಮೇಲಕ್ಕೇರಿಸಲು ಮತ್ತೆ ವಿದ್ಯುತ್ತೇ ಬೇಕು. ಮೊಬೈಲ್ ಗೋಪುರಗಳ ಬ್ಯಾಟರಿಗಳು ಕೆಲವು ಗಂಟೆಗಳ ಅನಂತರ ಬರಿದಾದರೆ ದೂರವಾಣಿ ಸಂಪರ್ಕವೂ, ಅದನ್ನು ನಂಬಿದ ಹಣ ಪಾವತಿಯೂ ಕಡಿದುಹೋಗುತ್ತವೆ.

ವಿದ್ಯುತ್ ಜಾಲವು ಇಂದು ರಾಷ್ಟ್ರವ್ಯಾಪಿಯಾಗಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಹಾಗೂ ಈಶಾನ್ಯ ಭಾರತದ ವಿದ್ಯುತ್ ಜಾಲಗಳು ಕುಸಿದಾಗ ದಕ್ಷಿಣದ ರಾಜ್ಯಗಳಿಗೆ ತೊಂದರೆ ತಟ್ಟಲಿಲ್ಲ. ಆಗ ದಕ್ಷಿಣದ ಜಾಲವು ಉಳಿದ ದೇಶದ ಜಾಲದೊಡನೆ ಏಕರೂಪವಾಗಿ ಬೆಸೆದಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ಆ ಜೋಡಣೆಯಾಯಿತು. ಇದರಿಂದ ಒಂದು ಪ್ರದೇಶದ ಕೊರತೆಯನ್ನು ಇನ್ನೊಂದು ಪ್ರದೇಶದ ವಿದ್ಯುತ್ತು ತುಂಬಿಕೊಡುವುದು ಸಾಧ್ಯವಾಗಿದೆ. ಅದರೊಂದಿಗೆ ಜಾಲವನ್ನು ಕ್ಷಣಕ್ಷಣಕ್ಕೂ ಸಮತೋಲದಲ್ಲಿಡುವ ಲೋಡ್ ಡಿಸ್‌ಪ್ಯಾಚ್ ಕೇಂದ್ರಗಳ ಜವಾಬ್ದಾರಿಯೂ ಅಷ್ಟೇ ಹೆಚ್ಚಿದೆ.

ಹೈದರಾಬಾದು ಕಂಡ ಘಟನೆಗಳು

2019ರ ಬೇಸಿಗೆಯಲ್ಲಿ ತೆಲಂಗಾಣ ಮತ್ತು ಆಂಧ್ರಪ್ರದೇಶದ ವಿದ್ಯುತ್ ವಿತರಣಾ ಸಂಸ್ಥೆಗಳ ಅಂತರ್ಜಾಲ ತಾಣಗಳು ಸುಲಿಗೆ ತಂತ್ರಾಂಶದ ದಾಳಿಗೆ ಗುರಿಯಾದವು. ಕಡತಗಳಿಗೆ ರಹಸ್ಯ ಬೀಗ ಜಡಿದು, ಅದನ್ನು ತೆರೆಯಲು ಹಣ ಕೇಳುವುದೇ ಈ ತಂತ್ರಾಂಶದ ಕಾರ್ಯವಿಧಾನ. ಆನ್‌ಲೈನ್ ಮೂಲಕ ಬಿಲ್ಲು ಕಟ್ಟುವ ಗ್ರಾಹಕರಿಗೆ ತೊಂದರೆಯಾಯಿತು. ಆದರೆ ವಿದ್ಯುತ್ ಪೂರೈಕೆಗೆ ಅಡ್ಡಿಯಾಗಲಿಲ್ಲ. ಕಚೇರಿಯ ಗಣಕಜಾಲವೂ ವಿದ್ಯುತ್ ಹರಿವನ್ನು ನಿಯಂತ್ರಿಸುವ ಜಾಲವೂ ಬೇರೆಬೇರೆಯಾಗಿರಬೇಕು ಎಂಬ ನಿಯಮದ ಮಹತ್ವವು ಇದರಿಂದ ಸ್ಪಷ್ಟವಾಗುತ್ತದೆ.

ಎರಡನೆಯ ಪ್ರಸಂಗವು ಇನ್ನೂ ಗಂಭೀರವಾದುದು. ಭಾರತದ ವಿದ್ಯುತ್ ವಲಯದ ಹಲವು ಸಂಸ್ಥೆಗಳ ಮೇಲೆ ಚೀನಾದೊಡನೆ ನಂಟುಳ್ಳ 'ರೆಡ್‌ಎಕೋ' ಎಂಬ ಗುಂಪು ಕಣ್ಣಿಟ್ಟಿದೆ ಎಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆಯೊಂದು 2021ರ ಫೆಬ್ರವರಿ ಕೊನೆಯಲ್ಲಿ ವರದಿ ಪ್ರಕಟಿಸಿತು. ಗುರಿಗಳ ಪಟ್ಟಿಯಲ್ಲಿ ತೆಲಂಗಾಣ ರಾಜ್ಯ ಲೋಡ್ ಡಿಸ್‌ಪ್ಯಾಚ್ ಕೇಂದ್ರ, ಬೆಂಗಳೂರಿನಲ್ಲಿರುವ ದಕ್ಷಿಣ ಪ್ರಾದೇಶಿಕ ಲೋಡ್ ಡಿಸ್‌ಪ್ಯಾಚ್ ಕೇಂದ್ರ ಮತ್ತು ವಿಜಯಪುರ ಜಿಲ್ಲೆಯ ಕೂಡಗಿ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳೂ ಇದ್ದವು. ಭಾರತೀಯ ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್, 2020ರ ನವೆಂಬರ್ 19ರಂದೇ 'ಶಾಡೋಪ್ಯಾಡ್' ಎಂಬ ದುಷ್ಟ ತಂತ್ರಾಂಶದ ಬಗ್ಗೆ ಎಚ್ಚರಿಕೆ ನೀಡಿತ್ತು. 2021ರ ಫೆಬ್ರವರಿ 12ರಂದು ರಾಷ್ಟ್ರೀಯ ನಿರ್ಣಾಯಕ ಮಾಹಿತಿ ಮೂಲಸೌಕರ್ಯ ಸಂರಕ್ಷಣಾ ಕೇಂದ್ರವೂ ಸೂಚನೆ ಕಳುಹಿಸಿತ್ತು. ವಿದ್ಯುತ್ ಜಾಲದ ಕಾರ್ಯನಿರ್ವಹಣೆಗೆ ಧಕ್ಕೆಯಾಗಿಲ್ಲ, ಮಾಹಿತಿಯೂ ಸೋರಿಕೆಯಾಗಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯವು ತಿಳಿಸಿತು. ಆ ದಿನಗಳಲ್ಲಿ ತೆಲಂಗಾಣದ ವಿದ್ಯುತ್ ಸಂಸ್ಥೆಗಳೂ ಎಚ್ಚರಿಕೆಯ ಕ್ರಮಗಳನ್ನು ಕೈಗೊಂಡವು.

ಇಂತಹ ನುಸುಳುವಿಕೆ ಫಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಉಕ್ರೇನ್ ದೇಶವು ನಿದರ್ಶನ. 2015ರ ಡಿಸೆಂಬರ್ 23ರಂದು ಅಲ್ಲಿನ ಮೂರು ವಿತರಣಾ ಸಂಸ್ಥೆಗಳ ನಿಯಂತ್ರಣ ವ್ಯವಸ್ಥೆಯನ್ನು ವಶಪಡಿಸಿಕೊಂಡ ದುಷ್ಕರ್ಮಿಗಳು ಉಪಕೇಂದ್ರಗಳ ಸಂಪರ್ಕವನ್ನು ದೂರದಿಂದಲೇ ಕಡಿದರು. ಸುಮಾರು 2.25 ಲಕ್ಷ ಗ್ರಾಹಕರು ಚಳಿಗಾಲದಲ್ಲಿ ಕತ್ತಲೆಗೆ ಸಿಲುಕಿದರು. ಸಿಬ್ಬಂದಿಯು ಉಪಕೇಂದ್ರಗಳಿಗೆ ತೆರಳಿ, ಕೈಯಿಂದಲೇ ಸ್ವಿಚ್ಚುಗಳನ್ನು ಹಾಕಿ ಕೆಲವು ಗಂಟೆಗಳಲ್ಲಿ ವಿದ್ಯುತ್ತನ್ನು ಮರಳಿ ತಂದರು.

ದಾಳಿಯಿಲ್ಲದೆಯೂ ಗಣಕಜಾಲ ಕೈಕೊಡಬಹುದು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶವೊಂದರ ದೋಷಪೂರ್ಣ ಪರಿಷ್ಕರಣೆಯಿಂದ ವಿಶ್ವದಾದ್ಯಂತ ಗಣಕಯಂತ್ರಗಳು ಸ್ಥಗಿತಗೊಂಡಾಗ, ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ನೀಡಬೇಕಾಯಿತು. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ಯುಪಿಐ ಪಾವತಿ ವ್ಯವಸ್ಥೆಗೆ ದೇಶಾದ್ಯಂತ ಅಡಚಣೆಯಾಯಿತು. ಕಾರಣವು ದಾಳಿಯಿರಲಿ, ದೋಷವಿರಲಿ, 2020ರ ಅಕ್ಟೋಬರ್‌ನಲ್ಲಿ ನಗರದ ಬಡಾವಣೆಗಳನ್ನು ಮುಳುಗಿಸಿದಂತಹ ಮಳೆಯಿರಲಿ, ಮನೆಯವರಿಗೆ ಎದುರಾಗುವ ಕಷ್ಟ ಒಂದೇ ಬಗೆಯದು. ಆದುದರಿಂದ ಸಿದ್ಧತೆಯೂ ಒಂದೇ.

ಸರ್ಕಾರದ ಕ್ರಮಗಳು

ಸರ್ಟ್-ಇನ್ 2004ರಿಂದ ಕಾರ್ಯನಿರತವಾಗಿದೆ. ನಿರ್ಣಾಯಕ ಮೂಲಸೌಕರ್ಯದ ರಕ್ಷಣೆಗೆಂದೇ ಮೀಸಲಾದ ರಾಷ್ಟ್ರೀಯ ಕೇಂದ್ರವನ್ನು ಮಾಹಿತಿ ತಂತ್ರಜ್ಞಾನ ಅಧಿನಿಯಮದ 70ಎ ಪ್ರಕರಣದ ಅನ್ವಯ 2014ರಲ್ಲಿ ನಿಯೋಜಿಸಲಾಯಿತು. ಕೇಂದ್ರ ವಿದ್ಯುತ್ ಪ್ರಾಧಿಕಾರವು 2021ರ ಅಕ್ಟೋಬರ್‌ನಲ್ಲಿ ವಿದ್ಯುತ್ ವಲಯದ ಸೈಬರ್ ಭದ್ರತಾ ಮಾರ್ಗಸೂಚಿಗಳನ್ನು ಹೊರಡಿಸಿತು. ಸೈಬರ್ ಘಟನೆಯನ್ನು ಗಮನಿಸಿದ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ನೀಡಿತು. 2025ರ ಮೇ 7ರಂದು ದೇಶದಾದ್ಯಂತ ನಡೆದ 'ಆಪರೇಷನ್ ಅಭ್ಯಾಸ್' ನಾಗರಿಕ ರಕ್ಷಣಾ ಅಣಕು ಕಾರ್ಯಾಚರಣೆಯಲ್ಲಿ ಹೈದರಾಬಾದು ಸಹ ಪಾಲ್ಗೊಂಡಿತು. ಆದರೆ ಎಂತಹ ವ್ಯವಸ್ಥೆಯಾದರೂ ಮೊದಲ ಎರಡು ಮೂರು ದಿನಗಳಲ್ಲಿ ಪ್ರತಿಯೊಂದು ಮನೆಯ ಬಾಗಿಲನ್ನೂ ತಲುಪಲಾರದು. ಆ ಅವಧಿಯನ್ನು ತಾನೇ ನಿಭಾಯಿಸುವಂತೆ ಕುಟುಂಬವು ಸಜ್ಜಾಗಿರಬೇಕು.

ಮನೆಯಲ್ಲಿ ಮಾಡಿಕೊಳ್ಳಬೇಕಾದ ಸಿದ್ಧತೆ

ನೀರು: ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಎಂದು ಲೆಕ್ಕ ಹಾಕಿದರೆ, ಐವರ ಕುಟುಂಬಕ್ಕೆ ಮೂರು ದಿನಗಳಿಗೆ 60 ಲೀಟರ್ ಬೇಕಾಗುತ್ತದೆ. ಇದನ್ನು ಮುಚ್ಚಳವಿರುವ ಶುದ್ಧ ಪಾತ್ರೆಗಳಲ್ಲಿ ತುಂಬಿಟ್ಟು ಆಗಾಗ ಬದಲಿಸಬೇಕು. ವಿದ್ಯುತ್ತಿಲ್ಲದಿದ್ದರೆ ನೀರು ಶುದ್ಧೀಕರಿಸುವ ಯಂತ್ರವೂ ನಡೆಯುವುದಿಲ್ಲ. ಆಗ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿಯಬೇಕು.

ಆಹಾರ ಮತ್ತು ಇಂಧನ: ಅವಲಕ್ಕಿ, ಹುರಿಗಡಲೆ, ಶೇಂಗಾ, ಬೆಲ್ಲ, ಹಾಲಿನ ಪುಡಿಯಂತಹ ಬೇಗ ಕೆಡದ ಪದಾರ್ಥಗಳು ಮನೆಯಲ್ಲಿರಲಿ. ಹಳೆಯದನ್ನು ಬಳಸಿ ಹೊಸದನ್ನು ಇಡುತ್ತಿದ್ದರೆ ಯಾವುದೂ ವ್ಯರ್ಥವಾಗದು. ಪೆಟ್ರೋಲನ್ನು ಮನೆಯಲ್ಲಿ ಸಂಗ್ರಹಿಸಬಾರದು. ಜನರೇಟರನ್ನಾಗಲಿ ಇದ್ದಿಲಿನ ಒಲೆಯನ್ನಾಗಲಿ ಮುಚ್ಚಿದ ಕೋಣೆಯಲ್ಲಿ ಉರಿಸಿದರೆ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲವು ಪ್ರಾಣ ತೆಗೆಯಬಲ್ಲದು.

ಬೆಳಕು ಮತ್ತು ಸುದ್ದಿ: ಟಾರ್ಚು, ಬ್ಯಾಟರಿಗಳು, ಚಾರ್ಜು ಮಾಡಿದ ಪವರ್ ಬ್ಯಾಂಕು ಹಾಗೂ ಬ್ಯಾಟರಿ ರೇಡಿಯೋ ಅಗತ್ಯ. ಮೊಬೈಲ್ ಸಂಪರ್ಕ ಕಡಿದಾಗಲೂ ಆಕಾಶವಾಣಿಯ ಪ್ರಕಟಣೆಗಳನ್ನು ಕೇಳಬಹುದು. ವಿದ್ಯುತ್ ಹೋದಾಗ ಫ್ರಿಜ್ಜು, ದೂರದರ್ಶನ ಮುಂತಾದ ಉಪಕರಣಗಳ ಸ್ವಿಚ್ಚನ್ನು ಆರಿಸಿ, ಒಂದು ದೀಪದ ಸ್ವಿಚ್ಚನ್ನು ಮಾತ್ರ ಹಾಕಿಟ್ಟರೆ ಮರಳಿ ಬಂದ ವಿದ್ಯುತ್ತಿನ ಏರಿಳಿತದಿಂದ ಹಾನಿಯಾಗದು.

ಔಷಧಿ: ನಿತ್ಯ ಸೇವಿಸುವ ಔಷಧಿಗಳು ಕನಿಷ್ಠ ಒಂದು ವಾರಕ್ಕಾಗುವಷ್ಟು ಇರಬೇಕು. ಫ್ರಿಜ್ಜು ನಿಂತಾಗ ಇನ್ಸುಲಿನ್ ಸೀಸೆಯನ್ನು ನೀರು ತಾಗದಂತೆ ಕಟ್ಟಿ, ತಣ್ಣನೆಯ ಮಣ್ಣಿನ ಮಡಕೆಯಲ್ಲಿ ಇಡುವುದು ಬಳಕೆಯಲ್ಲಿರುವ ಉಪಾಯ. ಈ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಮನೆಯಲ್ಲಿ ಯಂತ್ರದ ಮೂಲಕ ಆಮ್ಲಜನಕ ಪಡೆಯುವ ರೋಗಿಗಳಿದ್ದರೆ ತುಂಬಿದ ಸಿಲಿಂಡರು ಸಿದ್ಧವಾಗಿರಲಿ. ಅಂತಹವರು ಯಾವ ಅಂತಸ್ತಿನಲ್ಲಿದ್ದಾರೆ, ಲಿಫ್ಟು ನಿಂತರೆ ಅವರನ್ನು ಕೆಳಗಿಳಿಸುವವರು ಯಾರು ಎಂಬುದನ್ನು ನೆರೆಹೊರೆಯವರೊಡನೆ ಮುಂಚಿತವಾಗಿ ನಿರ್ಧರಿಸಬೇಕು. ಕತ್ತಲೆಯ ಮೊದಲ ಗಂಟೆಯಲ್ಲಿ ಪ್ರಾಣವುಳಿಸುವುದು ಈ ಒಂದು ಏರ್ಪಾಡೇ.

ಹಣ ಮತ್ತು ದಾಖಲೆ: ಕೆಲವು ದಿನಗಳ ಖರ್ಚಿಗಾಗುವಷ್ಟು ಹಣವನ್ನು ಸಣ್ಣ ನೋಟುಗಳಲ್ಲಿ ಇಟ್ಟುಕೊಳ್ಳುವುದು ಒಳಿತು. ಗುರುತಿನ ಚೀಟಿ, ಬ್ಯಾಂಕ್ ಪುಸ್ತಕ, ವಿಮಾ ಪತ್ರ, ಔಷಧಿ ಚೀಟಿಗಳ ಪ್ರತಿಗಳು ನೀರು ಸೋಕದ ಚೀಲದಲ್ಲಿರಲಿ. ಬಂಧುಗಳ ದೂರವಾಣಿ ಸಂಖ್ಯೆಗಳನ್ನು, ಅವುಗಳೊಡನೆ ತುರ್ತು ನೆರವಿನ 112, ಆಂಬುಲೆನ್ಸಿನ 108, ವಿದ್ಯುತ್ ದೂರಿನ 1912 ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಬೇಕು.

ಮನೆಯ ಗಣಕಜಾಲ: 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶವು ಮನೆಗಳ ಕ್ಯಾಮೆರಾ ಮತ್ತು ರೂಟರುಗಳನ್ನೇ ಆಯುಧವಾಗಿ ಬಳಸಿಕೊಂಡು ದೊಡ್ಡ ಅಂತರ್ಜಾಲ ಸೇವೆಗಳನ್ನು ನಿಲ್ಲಿಸಿತು. ಆ ಸಾಧನಗಳ ಮಾಲೀಕರು ತಯಾರಕರು ಕೊಟ್ಟ ಗುಪ್ತಪದವನ್ನು ಬದಲಿಸದೆ ಉಳಿಸಿದ್ದುದೇ ಇದಕ್ಕೆ ಕಾರಣ. ಗುಪ್ತಪದವನ್ನು ಬದಲಿಸುವುದು ಮತ್ತು ತಂತ್ರಾಂಶವನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು ತನ್ನ ಮನೆಯ ಜೊತೆಗೆ ದೇಶದ ಸುರಕ್ಷತೆಗೂ ನೆರವಾಗುವ ಕಾರ್ಯ.

ವದಂತಿ ಮತ್ತು ವಂಚನೆ

ಸಂಕಟದ ಸಮಯದಲ್ಲಿ ದಾಳಿಗಿಂತಲೂ ವೇಗವಾಗಿ ಹರಡುವುದು ವದಂತಿ. ಸೈಬರ್ ದಾಳಿಯಿಂದ ಭಾರತದ ವಿದ್ಯುತ್ ಜಾಲದ ಶೇಕಡ 70 ಭಾಗ ನಿಷ್ಕ್ರಿಯವಾಗಿದೆ ಎಂಬ ಸುದ್ದಿ 2025ರ ಮೇ ತಿಂಗಳಲ್ಲಿ ಹಬ್ಬಿತು. ಅದು ಸುಳ್ಳೆಂದು ಪತ್ರಿಕಾ ಮಾಹಿತಿ ಕಾರ್ಯಾಲಯವು ಪ್ರಕಟಿಸಿತು. 2021ರ ಮೇ ತಿಂಗಳಲ್ಲಿ ಅಮೆರಿಕದ ಇಂಧನ ಕೊಳವೆ ಸಂಸ್ಥೆಯೊಂದು ಸೈಬರ್ ದಾಳಿಗೆ ತುತ್ತಾದಾಗ, ಗಾಬರಿಗೊಂಡ ಜನರು ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಕೊಂಡಿದ್ದರಿಂದ ಅಭಾವವು ಮತ್ತಷ್ಟು ತೀವ್ರವಾಯಿತು. ಮೊದಲೇ ಸ್ವಲ್ಪಸ್ವಲ್ಪವಾಗಿ ಕೂಡಿಟ್ಟುಕೊಂಡ ಕುಟುಂಬಕ್ಕೆ ಅಂಗಡಿಯ ಮುಂದೆ ಮುಗಿಬೀಳುವ ಅಗತ್ಯವಿರುವುದಿಲ್ಲ.

"ಇಂದು ರಾತ್ರಿ ನಿಮ್ಮ ಮನೆಯ ವಿದ್ಯುತ್ ಸಂಪರ್ಕ ಕಡಿತಗೊಳ್ಳಲಿದೆ, ಈ ಸಂಖ್ಯೆಗೆ ಕರೆ ಮಾಡಿ" ಎಂಬ ಸಂದೇಶಗಳು ಬಹುತೇಕ ವಂಚಕರವು. ಅವರು ಹೇಳಿದ ತಂತ್ರಾಂಶವನ್ನು ಮೊಬೈಲಿಗೆ ಇಳಿಸಿಕೊಂಡರೆ ಬ್ಯಾಂಕ್ ಖಾತೆ ಅವರ ಕೈವಶವಾಗುತ್ತದೆ. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ದೂರು ನೀಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಉಪಸಂಹಾರ

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹವು ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಅನಂತರ, ನಗರವನ್ನು ರಕ್ಷಿಸುವ ಉಪಾಯವನ್ನು ಸೂಚಿಸಲು ನಿಜಾಮ ಸರ್ಕಾರವು ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಮೂಸಿ ಮತ್ತು ಈಸಿ ನದಿಗಳಿಗೆ ಅಡ್ಡಲಾಗಿ ನಿರ್ಮಿಸಿದ ಉಸ್ಮಾನ್ ಸಾಗರ ಹಾಗೂ ಹಿಮಾಯತ್ ಸಾಗರ ಜಲಾಶಯಗಳು ಆ ದೂರದೃಷ್ಟಿಯ ಫಲ. ಅಂದಿನ ಅಪಾಯ ಆಕಾಶದಿಂದ ಸುರಿಯಿತು. ಇಂದಿನದು ತಂತಿಗಳ ಮೂಲಕ ಸದ್ದಿಲ್ಲದೆ ಬರಬಹುದು. ಜಾಲವನ್ನು ಕಾಯುವುದು ಸರ್ಕಾರದ ಮತ್ತು ತಜ್ಞರ ಹೊಣೆ. ಮೂರು ದಿನಗಳ ನೀರು, ಒಂದು ವಾರದ ಔಷಧಿ, ಒಂದು ಟಾರ್ಚು, ನೆರೆಮನೆಯವರ ಪರಿಚಯ ಇವು ಪ್ರತಿಯೊಂದು ಕುಟುಂಬದ ಹೊಣೆ. ಈ ಎರಡೂ ಹೊಣೆಗಳು ಕೂಡಿದಾಗ ಮಾತ್ರ ಸಮಾಜವು ಆಪತ್ತನ್ನು ಸಮಾಧಾನದಿಂದ ಎದುರಿಸಬಲ್ಲದು.