ಪರದೆ ತೊಳೆಯಬೇಡಿ, ಒರೆಸಿ

ಬೆಂಗಳೂರು ದಂಡಿನ ಬಂಬೂ ಬಜಾರಿಗೆ ಹೋಗಿ, ಮೈಸೂರಿನ ಬಂಬೂ ಬಜಾರಿಗೆ ಹೋಗಿ, ಬಿದಿರು ಪರದೆ ಕೊಳ್ಳುವವರ ಪ್ರಶ್ನೆ ಎರಡೇ: ಎಷ್ಟು ಅಗಲ ಬರುತ್ತದೆ, ಎಷ್ಟಕ್ಕೆ ಕೊಡುತ್ತೀರಿ? ಮನೆಗೆ ತಂದ ಮೇಲೆ ಅದನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಕೇಳುವವರು ಕಡಿಮೆ. ಹಬ್ಬ ಬಂತೆಂದರೆ ಕೆಳಗಿಳಿಸಿ, ಅಂಗಳದಲ್ಲಿ ಹಾಸಿ, ಸೋಪಿನ ಪುಡಿ ಚೆಲ್ಲಿ ಪೈಪು ಬಿಟ್ಟು ತೊಳೆದುಬಿಡುತ್ತಾರೆ. ಬಿಸಿಲು, ಧೂಳು, ಮಕ್ಕಳ ಎಳೆದಾಟ ಎಲ್ಲವನ್ನೂ ತಾಳಿಕೊಂಡ ಪರದೆ ಹಾಳಾಗತೊಡಗುವುದು ಆ ದಿನವೇ.

ಬಿದಿರನ್ನು ಸೀಳಿದರೆ ಕಾರಣ ಕಣ್ಣೆದುರಿಗೇ ಇದೆ. ಹೊರಗಿನ ಸಿಪ್ಪೆ ಗಟ್ಟಿ, ನುಣುಪು. ಅದರಲ್ಲಿ ಸಿಲಿಕಾ ಇರುತ್ತದೆ, ಮೇಲೆ ಮೇಣದ ತೆಳುಪದರ. ನೀರು ಸುಲಭಕ್ಕೆ ಇಳಿಯದು. ಒಳಗಿನ ತಿರುಳು ಮೆದು, ಪಿಷ್ಟ ತುಂಬಿದ್ದು, ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಸೊಟ್ಟಗಾಗುತ್ತದೆ. ಹಾಗಾಗಿ ಸಿಪ್ಪೆ ಉಳಿಸಿಕೊಂಡ ಕಡ್ಡಿಯ ಪರದೆ ಹೆಚ್ಚು ಬಾಳುತ್ತದೆ. ಕೊಳ್ಳುವಾಗ ಉಗುರಿನಿಂದ ಕೆರೆದು ನೋಡಿ. ನಾರು ಎದ್ದು ಬಂದರೆ ಅದು ಬರೀ ತಿರುಳು.

ಈ ಪಿಷ್ಟವೇ ಕುಟ್ಟೆ ಹುಳುವಿನ ಊಟ. ಬಿದಿರು ಕೆಲಸದವರಿಗೆ ಅದು ಎಂದಿನಿಂದಲೂ ಶತ್ರು. ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯನ ಕಥೆಯಲ್ಲೂ ಅದು ಬರುತ್ತದೆ. ಅವನನ್ನು ಪರೀಕ್ಷಿಸಲೆಂದು ಶಿವ ಬಿದಿರಿನೊಳಗೆ ಹೊನ್ನು ತುಂಬಿದನಂತೆ. ಕಡಿದಾಗ ಉದುರಿದ ಹೊನ್ನನ್ನು ಕಂಡ ಕೇತಯ್ಯ, ಬಿದಿರಿಗೆ ಹುಳು ಬಿದ್ದಿದೆ ಎಂದು ಅದನ್ನು ಬಿಟ್ಟು ಬೇರೆಯದಕ್ಕೆ ಕೈಹಾಕಿದನಂತೆ. ಭಕ್ತರು ಇದರಲ್ಲಿ ನಿರ್ಮೋಹವನ್ನು ಕಾಣುತ್ತಾರೆ. ನನಗೆ ಮಾತ್ರ ಸರಕು ನೋಡಿ ಆರಿಸುವ ಕಸುಬುದಾರನೂ ಕಾಣುತ್ತಾನೆ.

ಹುಳು ದೂರವಿಡಲು ಹಳಬರು ಮಾಡುತ್ತಿದ್ದದ್ದು ಸರಳ. ಮೂರು ನಾಲ್ಕು ವರ್ಷ ಬಲಿತ ಬಿದಿರನ್ನೇ ಕಡಿಯುವುದು, ಅದೂ ಮಳೆ ಕಳೆದ ಮೇಲೆ. ಕೆಲವು ವಾರ ಕೆರೆಯಲ್ಲೋ ಹಳ್ಳದಲ್ಲೋ ಮುಳುಗಿಸಿಟ್ಟು ಪಿಷ್ಟ ಕರಗಿ ಹೋಗುವಂತೆ ಮಾಡುವುದು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದ ಬುಟ್ಟಿ, ಮೊರಗಳಿಗೆ ಕುಟ್ಟೆ ಹತ್ತದಿರುವುದನ್ನು ಮಲೆನಾಡಿನ ಹಳೆಯ ಮನೆಗಳಲ್ಲಿ ಈಗಲೂ ನೋಡಬಹುದು. ಈಗ ಸಾಮಾನ್ಯವಾಗಿ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ನೆನೆಸುತ್ತಾರೆ. ಮನುಷ್ಯರಿಗೆ ಅಷ್ಟಾಗಿ ಅಪಾಯವಿಲ್ಲದ, ಅಗ್ಗದ ಮದ್ದು. ಆದರೆ ಅದು ಬಿದಿರಿನಲ್ಲಿ ಕಚ್ಚಿಕೊಂಡು ನಿಲ್ಲುವುದಿಲ್ಲ. ನೀರಿನಲ್ಲಿ ಬಂದದ್ದು ನೀರಿನಲ್ಲೇ ಹೋಗುತ್ತದೆ. ಪೈಪು ಹಿಡಿದು ತೊಳೆದಾಗ ಕೊಳೆಯ ಜೊತೆ ಮದ್ದೂ ಚರಂಡಿಗೆ.

ಹಾಗಾದರೆ ಶುಚಿ ಮಾಡುವುದು ಹೇಗೆ? ಪರದೆಯನ್ನು ಪೂರ್ತಿ ಇಳಿಬಿಟ್ಟು, ಬಣ್ಣ ಬಳಿಯುವ ಅಗಲದ ಮೆತ್ತನೆ ಬ್ರಷ್‌ನಿಂದ ಮೇಲಿನಿಂದ ಕೆಳಗೆ ಬನ್ನಿ, ಕೈ ಮಾತ್ರ ಕಡ್ಡಿಯುದ್ದಕ್ಕೆ ಅಡ್ಡಡ್ಡ ಓಡಲಿ. ಕಡ್ಡಿಗೆ ಎದುರಾಗಿ ಉಜ್ಜಿದರೆ ಸಿಬಿರು ಏಳುತ್ತದೆ, ದಾರ ಸಡಿಲವಾಗುತ್ತದೆ. ಧೂಳು ಹೆಚ್ಚು ಕೂರುವುದು ದಾರ ಹೆಣೆದ ಕಡೆ; ಅಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಸರಿ. ಹಿಂಬದಿಯನ್ನು ಮರೆಯಬೇಡಿ, ರಸ್ತೆ ನೋಡುವುದು ಅದೇ. ವಾರಕ್ಕೊಮ್ಮೆ ಇಷ್ಟು ಮಾಡುವ ಮನೆಯಲ್ಲಿ ಒದ್ದೆ ಬಟ್ಟೆಯ ಕೆಲಸ ವರ್ಷಕ್ಕೆ ಒಂದೆರಡು ಸಲ ಬಿದ್ದರೆ ಹೆಚ್ಚು. ಕಲೆಯಾಗಿದ್ದರೆ ಅಂಟುವಾಳದ ತೆಳು ನೀರಿನಲ್ಲಿ ಬಟ್ಟೆ ಅದ್ದಿ, ಹನಿ ಬೀಳದಷ್ಟು ಹಿಂಡಿ ಒರೆಸಿ, ಹಿಂದೆಯೇ ಒಣಬಟ್ಟೆ ಆಡಿಸಿ. ಆಮೇಲೆ ಫ್ಯಾನಿನ ಗಾಳಿಗೆ ಇಳಿಬಿಟ್ಟೇ ಇರಲಿ. ಹಸಿಯಿರುವಾಗ ಸುತ್ತಿ ಮೇಲಕ್ಕೆ ಎಳೆದರೆ ಒಳಗೆ ಬೂಷ್ಟು ಕಾದಿರುತ್ತದೆ. ಅಡುಗೆಮನೆ ಕಿಟಕಿಗೆ ಬಿದಿರು ಪರದೆಯೇ ಬೇಡ ಎನ್ನುವವನು ನಾನು. ಒಗ್ಗರಣೆಯ ಜಿಡ್ಡಿಗೆ ಧೂಳು ಸೇರಿ ಕೂತ ಅಂಟು ಯಾವ ಬಟ್ಟೆಗೂ ಬಗ್ಗದು.

ಕರಾವಳಿ, ಮಲೆನಾಡಿನ ಮಳೆಗಾಲದ ಲೆಕ್ಕವೇ ಬೇರೆ. ಬಿದಿರಿನೊಳಗಿನ ತೇವ ನೂರಕ್ಕೆ 20 ಮೀರಿತೆಂದರೆ ಬೂಷ್ಟು ಬೆಳೆಯಲು ದಾರಿಯಾದಂತೆ. ಜಡಿಮಳೆಯ ತಿಂಗಳುಗಳಲ್ಲಿ ಇರಚಲು ಹೊಡೆಯುವ ಜಗಲಿಯ ಪರದೆಯನ್ನು ಬಿಚ್ಚಿ ಒಳಗೆ ಅಟ್ಟಕ್ಕೆ ಹಾಕುವುದೇ ಲೇಸು. ಬೂಷ್ಟು ಬಂದೇಬಿಟ್ಟರೆ ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೊದಲು ಒಣ ಬ್ರಷ್ ಆಡಿಸಿ. ನೀರು ಬೆರೆಸಿದ ವಿನಿಗರ್‌ನಲ್ಲಿ ಬಟ್ಟೆ ಹಿಂಡಿ ಒರೆಸುವುದು ಆಮೇಲೆ.

ಹೊಳಪಿಗೆಂದು ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಕೆಲವೆಡೆ ಇದೆ. ಅದು ಒಣಗುವ ಎಣ್ಣೆಯಲ್ಲ. ಧೂಳಿಗೆ ಗೋಂದು ಬಳಿದಂತಾಗುತ್ತದೆ. ಅಗಸೆ ಎಣ್ಣೆ ಒಣಗಿ ಪದರವಾಗುತ್ತದೆ, ತೆಳ್ಳಗೆ ಒಂದು ಕೈ ಸಾಕು. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಅಗಸೆ ಎಣ್ಣೆ ಹೀರಿದ ಬಟ್ಟೆ ಒಣಗುವಾಗ ಕಾವೇರಿ, ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಲ್ಲದು. ಬಯಲಲ್ಲಿ ಹರವಿ ಒಣಗಿಸಿ.

ಪರದೆಯ ಕೆಳಗೆ ನೆಲದ ಮೇಲೆ ಹಿಟ್ಟಿನಂಥ ಪುಡಿ, ಕಡ್ಡಿಯಲ್ಲಿ ಸೂಜಿಮೊನೆಯಷ್ಟು ತೂತು ಕಂಡರೆ ಕುಟ್ಟೆ ಹತ್ತಿದೆ ಎಂದೇ ಅರ್ಥ. ಆಗ ಬಾಟಲಿಯ ಮದ್ದು ಹುಡುಕುವುದಕ್ಕಿಂತ ಮೇದಾರರನ್ನು ಹುಡುಕುವುದು ಮೇಲು. ದಾರದ ಹೆಣಿಗೆ ಸಡಿಲಿಸಿ ಹುಳುಕು ಕಡ್ಡಿಯನ್ನು ಪಕ್ಕಕ್ಕೆ ಎಳೆದು ತೆಗೆದು ಹೊಸದನ್ನು ತೂರಿಸುವುದು ಕೈಪಳಗಿದವರಿಗೆ ಸ್ವಲ್ಪ ಹೊತ್ತಿನ ಕೆಲಸ. ಈ ಕಸುಬಿಗೆ ಸರಕು ಸಿಗುವುದೇ ಬಹಳ ಕಾಲ ಕಷ್ಟವಾಗಿತ್ತು. 1927ರ ಅರಣ್ಯ ಕಾಯ್ದೆ ಬಿದಿರನ್ನು ಮರದ ಸಾಲಿಗೆ ಸೇರಿಸಿ ಕಡಿಯುವುದಕ್ಕೆ ಕಟ್ಟು ಹಾಕಿತ್ತು. ಕಾಡಿನ ಹೊರಗೆ ಬೆಳೆದದ್ದಕ್ಕೆ ಆ ಕಟ್ಟು ಸಡಿಲವಾದದ್ದು 2017ರ ತಿದ್ದುಪಡಿಯಿಂದ. ಈಗ ಕಡಿಮೆಯಾಗಿರುವುದು ದುರಸ್ತಿಗೆಂದು ಹಳೆಯದನ್ನು ಹೊತ್ತು ತರುವ ಗಿರಾಕಿಗಳು. ಹರಿದರೆ ಬಿಸಾಡಿ ಹೊಸದು ತರುವ ಚಾಳಿ ನಮ್ಮದಾಗಿದೆ.

ದುರಸ್ತಿಗೆ ಮಳೆಗೆ ಮೊದಲೇ, ಮೇ ತಿಂಗಳಲ್ಲಿ ಹೋಗಿ. ಅಳತೆ ಬರೆದೊಯ್ಯುವ ಬದಲು ಹಳೆಯ ಪರದೆಯನ್ನೇ ಒಯ್ಯಿರಿ. ದಾರ ಯಾವುದಿರಲಿ ಎಂದು ಕೇಳಿದರೆ ಮನೆಯೊಳಗಿನದಕ್ಕೆ ಹತ್ತಿ, ಮಳೆ ತಾಗುವ ಜಗಲಿಗೆ ನೈಲಾನ್ ಹೇಳಿ. ನೈಲಾನ್ ಬಿಸಿಲಿಗೆ ಪೆಡಸಾಗುವುದರಿಂದ ಆಗಾಗ ಎಳೆದು ನೋಡುತ್ತಿರಬೇಕು. ಎಳೆಯುವ ಹಗ್ಗ ಕುಣಿಕೆಯಾಗಿ ನೇತಾಡದಂತೆ, ಎಳೆಮಕ್ಕಳ ಕೈಗೆಟುಕದ ಎತ್ತರದಲ್ಲಿ ಕೊಕ್ಕೆಯೊಂದನ್ನು ಹೊಡೆಸಿಕೊಳ್ಳಿ.