ತೊಟ್ಟಿಯಲ್ಲಿ ಗಪ್ಪಿ ಮೀನು

ನಮ್ಮ ಕಡೆ ನಲ್ಲಿ ನೀರು ದಿನವೂ ಬರೋದಿಲ್ಲ. ಬಂದ ದಿನ ತೊಟ್ಟಿ, ಡ್ರಮ್ಮು, ಕೊಡ ಎಲ್ಲ ತುಂಬಿಸಿ ಇಡುತ್ತೇವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿ ಹೋದರೂ ಇದೇ ಪಾಡು. ನಾಲ್ಕು ದಿನ ಬಿಟ್ಟು ತೊಟ್ಟಿಗೆ ಬಗ್ಗಿ ನೋಡಿ. ಸಣ್ಣ ಹುಳುಗಳು ತಲೆಕೆಳಗಾಗಿ ನೇತಾಡುತ್ತಿರುತ್ತವೆ. ನೀರು ಅಲುಗಿದರೆ ಸರ್ರನೆ ತಳಕ್ಕೆ ಇಳಿಯುತ್ತವೆ. ಇವೇ ಸೊಳ್ಳೆ ಮರಿಗಳು. ಎಂಟು ಹತ್ತು ದಿನಕ್ಕೆಲ್ಲ ರೆಕ್ಕೆ ಬಂದು ಹಾರುತ್ತವೆ.

2006ರಲ್ಲಿ ಬಂದ ಚಿಕೂನ್‌ಗುನ್ಯ ನೆನಪಿದೆಯೇ? ಜ್ವರ ಇಳಿದರೂ ಕೀಲುನೋವು ಬಿಡಲಿಲ್ಲ. ಹಾಲು ಕರೆಯೋಕೆ ಬೆರಳು ಮಡಚಲು ಆಗದು. ಟೊಮೆಟೊ ಕೀಳೋಕೆ ಬಗ್ಗಲು ಆಗದು. ಎಷ್ಟೋ ಮನೆಯಲ್ಲಿ ಕೂಲಿ ಹೋಯಿತು. ಆ ಕಾಯಿಲೆ ಹರಡಿದ ಸೊಳ್ಳೆ ಹುಟ್ಟೋದು ಚರಂಡಿಯಲ್ಲಿ ಅಲ್ಲ, ನಾವು ತುಂಬಿಟ್ಟ ಒಳ್ಳೆ ನೀರಿನಲ್ಲಿ. ಡೆಂಗೆ ತರುವುದೂ ಅದೇ ಸೊಳ್ಳೆ.

ಆ ವರ್ಷವೇ ನಮ್ಮ ಜಿಲ್ಲೆಯ ಬಲಮಂದೆಯಲ್ಲಿ ಮನೆಯ ಸಿಮೆಂಟ್ ತೊಟ್ಟಿಗಳಿಗೆ ಗ್ಯಾಂಬೂಸಿಯಾ ಮೀನು ಬಿಟ್ಟರು. ತುಮಕೂರು ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಗಪ್ಪಿ ಮೀನು ಬಿಟ್ಟರು. ಸೊಳ್ಳೆ ಮರಿ ಬಹಳ ಕಡಿಮೆಯಾಯಿತು. ಅದಕ್ಕೂ ಮೊದಲು ಕಾಮಸಮುದ್ರದ ಸುತ್ತಮುತ್ತ ಮಲೇರಿಯಾ ತಡೆಯೋಕೆ ಬಾವಿಗಳಿಗೆ ಗಪ್ಪಿ ಬಿಟ್ಟಿದ್ದರು.

ಗಪ್ಪಿ ಸಾಕೋದು ಸುಲಭ. ಗಂಡು ಚಿಕ್ಕದು, ಬಣ್ಣ ಬಣ್ಣದ ಬಾಲ. ಹೆಣ್ಣು ದೊಡ್ಡದು, ಬಣ್ಣ ಮಾಸಲು. ಇದು ಮೊಟ್ಟೆ ಇಡೋದಿಲ್ಲ, ಮರಿಯನ್ನೇ ಹಾಕುತ್ತದೆ! ನಮ್ಮ ಕೆರೆ ಕುಂಟೆಗಳಲ್ಲಿ ಇದರ ನೆಂಟ ಇದೆ. ನೆತ್ತಿಯ ಮೇಲೆ ಹೊಳೆಯುವ ಚುಕ್ಕೆ ಇರುತ್ತದೆ, ನೀರಿನ ಮೇಲ್ಗಡೆಯೇ ಓಡಾಡುತ್ತದೆ. ತಿಳಿದವರು ಅದನ್ನು ಕಿಲ್ಲಿಫಿಶ್ ಅನ್ನುತ್ತಾರೆ. ಅದೂ ಸೊಳ್ಳೆ ಮರಿ ತಿನ್ನುತ್ತದೆ. ಆದರೆ ಅದು ನೀರಿನ ಗಿಡಕ್ಕೆ ಮೊಟ್ಟೆ ಅಂಟಿಸುತ್ತದೆ. ಗಿಡವಿಲ್ಲದ ತೊಟ್ಟಿಯಲ್ಲಿ ಅದರ ಸಂಸಾರ ಬೆಳೆಯೋದು ಕಷ್ಟ.

ಮೊದಲು ಒಂದು ತಾಯಿ ತೊಟ್ಟಿ ಮಾಡಿಕೊಳ್ಳಿ. ಗಾಜಿನ ಪೆಟ್ಟಿಗೆಯೇ ಬೇಕೆಂದಿಲ್ಲ, ಅಗಲ ಬಾಯಿಯ ಟಬ್ಬು ಸಾಕು. ನೆರಳಿನಲ್ಲಿ ಇಡಿ. ಎರಡು ಗಂಡು, ನಾಲ್ಕು ಹೆಣ್ಣು ಬಿಡಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಮೀನು ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ.

ನಾವು ಮೊದಲ ಸಲ ಮಾಡಿದ ತಪ್ಪು ಕೇಳಿ. ನಲ್ಲಿಯಿಂದ ಹಿಡಿದ ನೀರಿಗೆ ಆಗಲೇ ಮೀನು ಬಿಟ್ಟೆವು. ಸಂಜೆ ಹೊತ್ತಿಗೆ ಎಲ್ಲ ಸತ್ತು ತೇಲಿದವು. ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರು. ಅಂಥ ನೀರನ್ನು ಒಂದು ದಿನ ತೆರೆದಿಟ್ಟು ಆಮೇಲೆ ಮೀನು ಬಿಡಬೇಕು. ಟಬ್ಬನ್ನು ಸೋಪಿನಿಂದ ತೊಳೆಯಬೇಡಿ.

ಸುಮಾರು ಮೂರು ನಾಲ್ಕು ವಾರಕ್ಕೊಮ್ಮೆ ಹೆಣ್ಣು ಮರಿ ಹಾಕುತ್ತದೆ. ಹೊಟ್ಟೆ ಉಬ್ಬಿ, ಬಾಲದ ಕಡೆ ಕಪ್ಪು ಮಚ್ಚೆ ದೊಡ್ಡದಾಗಿ ಕಂಡರೆ ದಿನ ತುಂಬಿದೆ ಎಂದು ತಿಳಿಯಿರಿ. ಆದರೆ ಹೆತ್ತ ತಾಯಿಯೇ ಮರಿಯನ್ನು ನುಂಗುತ್ತದೆ. ಅದಕ್ಕೇ ನೀರಿನಲ್ಲಿ ಒಂದು ಹಿಡಿ ಪಾಚಿಯೋ ನೀರಿನ ಗಿಡವೋ ಇರಬೇಕು. ಮರಿಗಳು ಅದರೊಳಗೆ ಅವಿತುಕೊಳ್ಳುತ್ತವೆ.

ಸೊಳ್ಳೆ ಮರಿ ಇದ್ದರೆ ಬೇರೆ ಊಟ ಬೇಡ. ಇಲ್ಲದಿದ್ದರೆ ಕಡಲೆಕಾಯಿ ಹಿಂಡಿ ಪುಡಿಯೋ ಅಕ್ಕಿ ಹಿಟ್ಟೋ ಒಂದು ಚಿಟಿಕೆ. ಮರಿಗಳಿಗೆ ಬೆಂದ ಮೊಟ್ಟೆಯ ಹಳದಿ, ಸಾಸಿವೆ ಕಾಳಿನಷ್ಟು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಪ್ರೀತಿ ಜಾಸ್ತಿಯಾಗಿ ಹೆಚ್ಚು ಹಾಕಿದರೆ ನೀರು ನಾರುತ್ತದೆ, ಮೀನು ಸಾಯುತ್ತದೆ.

ಮೀನು ಹೆಚ್ಚಾದವೆಂದು ಕೆರೆಗೋ ಹಳ್ಳಕ್ಕೋ ಸುರಿಯಬೇಡಿ. ಗಪ್ಪಿ, ಗ್ಯಾಂಬೂಸಿಯಾ ಎರಡೂ ಹೊರದೇಶದಿಂದ ಬಂದವು. ನಮ್ಮ ಸಣ್ಣ ಮೀನುಗಳ ಮರಿಗೂ ಬಾಯಿ ಹಾಕುತ್ತವೆ. ಪಕ್ಕದ ಮನೆಯ ತೊಟ್ಟಿಗೆ ಕೊಡಿ, ಒಂದು ತೊಟ್ಟಿಗೆ ಐದಾರು ಸಾಕು. ತೊಟ್ಟಿ ತೊಳೆಯುವಾಗ ಮೀನುಗಳನ್ನು ಬಟ್ಟೆಯಲ್ಲಿ ಹಿಡಿದು ಅದೇ ನೀರು ತುಂಬಿದ ಬಕೆಟ್ಟಿಗೆ ಬಿಡಿ, ಗೋಡೆಯನ್ನು ಚೆನ್ನಾಗಿ ಉಜ್ಜಿ. ಸೊಳ್ಳೆ ಮೊಟ್ಟೆ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯೋದಿಲ್ಲ. ಕುಡಿಯುವ ನೀರಿನ ಕೊಡಕ್ಕೆ ಮೀನು ಬೇಡ, ಬಟ್ಟೆ ಕಟ್ಟಿ ಮುಚ್ಚಿದರೆ ಆಯಿತು.