ಚರಂಡಿ ದಾಟಿದರೆ ಊರು

ಇಟಲಿಯ ವೆನಿಸ್‌ನಲ್ಲಿ ರಸ್ತೆ ಇರಬೇಕಾದ ಕಡೆಯೆಲ್ಲ ಕಾಲುವೆಗಳು. ಅವುಗಳ ಮೇಲೆ ನಾನೂರಕ್ಕೂ ಹೆಚ್ಚು ಸೇತುವೆಗಳು, ಬಹುಪಾಲು ಸೇತುವೆಗಳಿಗೆ ಮೆಟ್ಟಿಲು. ವ್ಹೀಲ್‌ಚೇರ್‌ನಲ್ಲಿ ಕೂತವರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದುಂಟೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಹೋಗುತ್ತಾರೆ. ಅಲ್ಲಿನ ಸಿಟಿ ಬಸ್ಸೆಂದರೆ ದೋಣಿ, ಹೆಸರು ವಪೊರೆತ್ತೊ. ಅದರ ನಿಲ್ದಾಣವೂ ನೀರಿನ ಮೇಲೇ ತೇಲುತ್ತದೆ. ನೀರು ಏರಿದರೆ ಎರಡೂ ಏರುತ್ತವೆ, ಇಳಿದರೆ ಎರಡೂ ಇಳಿಯುತ್ತವೆ. ಹೀಗಾಗಿ ನಿಲ್ದಾಣದಿಂದ ದೋಣಿಗೆ ಗಾಲಿ ಉರುಳಿಸಿಕೊಂಡೇ ಹೋಗಬಹುದು. ತೊಂದರೆ ಶುರುವಾಗುವುದು ದೋಣಿ ಇಳಿದು ಮೊದಲ ಸೇತುವೆ ಎದುರಾದಾಗ.

2008ರಲ್ಲಿ ಅಲ್ಲಿ ಸ್ಪೇನ್‌ನ ಹೆಸರಾಂತ ವಾಸ್ತುಶಿಲ್ಪಿ ಸಾಂಟಿಯಾಗೊ ಕಲಾತ್ರಾವ ವಿನ್ಯಾಸ ಮಾಡಿದ ಹೊಸ ಸೇತುವೆ ಬಂತು. ಗಾಜು, ಉಕ್ಕು, ಕಣ್ಣು ಕೋರೈಸುವ ಚೆಂದ. ಅದಕ್ಕೂ ಮೆಟ್ಟಿಲೇ. ಅಂಗವಿಕಲರು ಜಗಳಕ್ಕೆ ನಿಂತ ಮೇಲೆ ಸೇತುವೆಯ ಪಕ್ಕದಲ್ಲಿ ತೆವಳುವಂಥ ಮೊಟ್ಟೆಯಾಕಾರದ ಒಂದು ಪೆಟ್ಟಿಗೆ ಕೂರಿಸಿದರು. 2013ರಲ್ಲಿ ಅದು ಓಡಾಟ ಶುರುಮಾಡಿತು. ನಿಧಾನ, ಒಳಗೆ ಸೆಖೆ, ಮೇಲಿಂದ ಮೇಲೆ ರಿಪೇರಿ. ಕೊನೆಗೆ 2020ರಲ್ಲಿ ಕಿತ್ತೇ ಹಾಕಿದರು. ತಮಾಷೆಯೆಂದರೆ ಅದೇ ಊರಿನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಮ್ಯಾರಥಾನ್ ಓಟಗಾರರಿಗಾಗಿ ಕೆಲವು ಸೇತುವೆಗಳ ಮೆಟ್ಟಿಲ ಮೇಲೆ ಇಳಿಜಾರು ಹಲಗೆ ಹಾಸುತ್ತಾರೆ. ಓಟ ಮುಗಿದ ಮೇಲೂ ಅವನ್ನು ತಿಂಗಳುಗಟ್ಟಲೆ ಹಾಗೇ ಬಿಡುತ್ತಾರೆ. ಗಟ್ಟಿ ಕಾಲಿನವರಿಗೆ ಹಾಕಿದ ಹಲಗೆ, ಕಾಲು ಸೋತವರಿಗೂ ದಾರಿಯಾಗುತ್ತದೆ.

ನಮ್ಮ ಹಾರೋಹಳ್ಳಿಯಲ್ಲಿ ಕಾಲುವೆ ಇಲ್ಲ. ಮನೆ ಮುಂದೆ ಚರಂಡಿ ಇದೆ. ಮನೆಯಿಂದ ಬೀದಿಗಿಳಿಯಲು ಅದರ ಮೇಲೊಂದು ಕಲ್ಲು ಚಪ್ಪಡಿ. ಚಪ್ಪಡಿಯ ಈಚೆಗೆ ಎರಡೋ ಮೂರೋ ಮೆಟ್ಟಿಲು, ಆಚೆಗೆ ಬೀದಿ. ಕಾಂಕ್ರೀಟ್ ರಸ್ತೆಯ ಮೇಲೆ ಮತ್ತೆ ಕಾಂಕ್ರೀಟ್ ಸುರಿದು ಬೀದಿ ಎತ್ತರವಾದಂತೆಲ್ಲ, ನೀರು ಒಳಗೆ ನುಗ್ಗದಿರಲೆಂದು ಹೊಸ ಮನೆಗಳೂ ಎತ್ತರವಾಗುತ್ತಿವೆ, ಮೆಟ್ಟಿಲೂ ಹೆಚ್ಚುತ್ತಿವೆ. ನಮ್ಮ ಸೇತುವೆಗಳೆಂದರೆ ಇವೇ. ಲೆಕ್ಕ ಹಾಕಿದರೆ ವೆನಿಸ್‌ಗಿಂತ ಕಡಿಮೆಯೇನೂ ಇರಲಾರವು.

ನಮ್ಮಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತ ಮೇಲೆ ಈ ಚಪ್ಪಡಿಯ ಗುಣ ನಮ್ಮ ಮನೆಯವರಿಗೆಲ್ಲ ಅರ್ಥವಾಯಿತು. ಎರಡು ಚಪ್ಪಡಿಯ ನಡುವೆ ಎರಡು ಬೆರಳು ಸಂದಿ ಇದ್ದರೂ ಸಾಕು, ವ್ಹೀಲ್‌ಚೇರ್‌ನ ಮುಂದಿನ ಸಣ್ಣ ಗಾಲಿ ಅದರೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕುರ್ಚಿಯ ಹಿಂದೆ, ಕೆಳಗಡೆ ಚಾಚಿಕೊಂಡಿರುವ ಸಣ್ಣ ಕೊಳವೆಯನ್ನು ಕಾಲಿನಿಂದ ಒತ್ತಿ, ಹಿಡಿಯನ್ನು ತುಸು ಹಿಂದಕ್ಕೆಳೆದರೆ ಮುಂದಿನ ಗಾಲಿ ಮೇಲೇಳುತ್ತದೆ. ಆಗ ದೊಡ್ಡ ಗಾಲಿಯ ಮೇಲೇ ಸಂದಿ ದಾಟಿಸಬೇಕು. ಇಳಿಜಾರಿನಲ್ಲಾದರೆ ಕುರ್ಚಿಯನ್ನು ತಿರುಗಿಸಿ, ನಾವು ಹಿಮ್ಮುಖವಾಗಿ ನಡೆಯುತ್ತ ಇಳಿಸಬೇಕು. ಇದನ್ನು ಅಂಗಡಿಯವನು ಹೇಳಿಕೊಡುವುದಿಲ್ಲ. ಆಸ್ಪತ್ರೆಯಲ್ಲೂ ಕೇಳಿದರೆ ಮಾತ್ರ ಹೇಳುತ್ತಾರೆ.

ಬಸ್ಸಿನದು ಬೇರೆಯದೇ ಕಥೆ. ಕನಕಪುರ ರಸ್ತೆಯಲ್ಲಿ ಓಡಾಡುವ ಮಾಮೂಲಿ ಬಸ್ಸಿನ ನೆಲ ರಸ್ತೆಯಿಂದ ಸುಮಾರು ಮೂರಡಿ ಮೇಲಿರುತ್ತದೆ. ಮೊದಲ ಮೆಟ್ಟಿಲೇ ಮಂಡಿಯ ಹತ್ತಿರಕ್ಕೆ ಬರುತ್ತದೆ. ಅಪ್ಪ ಬಾಗಿಲಿಗೆ ಬಂದರೆ ಜನ ಸುಮ್ಮನೆ ನಿಲ್ಲುವವರಲ್ಲ, ಅದು ನಮ್ಮ ಕಡೆಯವರ ದೊಡ್ಡ ಗುಣ. "ಬನ್ನಿ ಯಜಮಾನ್ರೇ, ಕೈ ಕೊಡಿ" ಎನ್ನುತ್ತ ಎರಡು ಮೂರು ಜನ ಬರುತ್ತಾರೆ. ಬಂದವರು ಮೊದಲು ಹಿಡಿಯುವುದು ಸೋತ ಕೈಯನ್ನೇ. ಅದು ಜೋಲು ಬಿದ್ದಿರುತ್ತದಲ್ಲ, ಅದಕ್ಕೇ ಆಸರೆ ಬೇಕು ಎಂಬ ಲೆಕ್ಕ. ಆದರೆ ಲಕ್ವ ಹೊಡೆದ ಕೈಯ ಭುಜದ ಕೀಲು ಸಡಿಲವಾಗಿರುತ್ತದೆ. ಎಳೆದರೆ ಜಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ನೋವು. ಹಿಡಿಯಬೇಕಾದ್ದು ಸೊಂಟವನ್ನು, ಸೊಂಟಕ್ಕೆ ಪಂಚೆಯನ್ನೋ ಟವೆಲನ್ನೋ ಬಿಗಿದು ಕಟ್ಟಿದ್ದರೆ ಇನ್ನೂ ಸಲೀಸು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಅಪ್ಪ ಈಗ ತಾವೇ ಹೇಳುತ್ತಾರೆ: "ಆ ಕೈ ಮುಟ್ಬೇಡಿ ಕಣ್ರಪ್ಪ, ಸೊಂಟ ಇಡ್ಕಳಿ."

ಸರ್ಕಾರದ ಕಡೆಯಿಂದ ಏನೂ ಇಲ್ಲ ಎಂದರೆ ತಪ್ಪಾಗುತ್ತದೆ. ಅಂಗವಿಕಲರಿಗೆ ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್ ಇದೆ: ವರ್ಷಕ್ಕೆ 660 ರೂಪಾಯಿ, ವಾಸದ ಊರಿನಿಂದ 100 ಕಿ.ಮೀ.ವರೆಗೆ ಓಡಾಡಬಹುದು. ಹಾರೋಹಳ್ಳಿಯವರಿಗೆ ಇದರಲ್ಲಿ ಬೆಂಗಳೂರು, ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ಎಲ್ಲವೂ ಸಿಗುತ್ತವೆ. ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಕೈಯಲ್ಲಿರಬೇಕು. ಜೊತೆಗೆ ಹೋಗುವವರಿಗೆ ಈ ಪಾಸ್ ನಡೆಯದು. ರೈಲಿನಲ್ಲಿ ಹಾಗಲ್ಲ, ಒಬ್ಬರ ನೆರವಿಲ್ಲದೆ ಓಡಾಡಲಾಗದವರ ಸಂಗಡಿಗರಿಗೂ ಅಷ್ಟೇ ರಿಯಾಯಿತಿ ಸಿಗುತ್ತದೆ. ಆದರೆ ರೈಲು ಹಿಡಿಯಲು ನಾವು ರಾಮನಗರಕ್ಕೋ ಬೆಂಗಳೂರಿಗೋ ಹೋಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾಯಿತಷ್ಟೆ. ಅದರಿಂದ ನಮ್ಮ ಮನೆಯ ಲೆಕ್ಕಾಚಾರ ವಿಚಿತ್ರವಾಗಿದೆ. ಅಪ್ಪನ ಜೊತೆ ಅಮ್ಮ ಹೊರಟರೆ ಟಿಕೆಟ್ ಇಲ್ಲ, ಆದರೆ ಅಮ್ಮನಿಗೆ ಅಪ್ಪನನ್ನು ಎತ್ತಲಾಗದು. ಎತ್ತಬಲ್ಲ ನಾನು ಹೊರಟರೆ ಟಿಕೆಟ್ ಕೊಳ್ಳಬೇಕು, ಜೊತೆಗೆ ಒಂದು ದಿನದ ಸಂಬಳವೂ ಹೋಗುತ್ತದೆ. ಕೊನೆಗೆ ಮೂವರೂ ಹೋಗುತ್ತೇವೆ.

ಮೆಟ್ರೊ ಕನಕಪುರ ರಸ್ತೆಯ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಬಂದದ್ದು 2021ರ ಜನವರಿಯಲ್ಲಿ. ಅಲ್ಲಿ ಲಿಫ್ಟ್ ಇದೆ, ಬೋಗಿಯಲ್ಲಿ ವ್ಹೀಲ್‌ಚೇರ್‌ಗೆ ಜಾಗವಿದೆ, ಪ್ಲಾಟ್‌ಫಾರಂ ಮತ್ತು ಬೋಗಿಯ ನೆಲ ಸಮಸಮ. ವೆನಿಸ್‌ನ ದೋಣಿಯ ಹಾಗೆಯೇ. ಜಯನಗರ, ಲಾಲ್‌ಬಾಗ್, ಮೆಜೆಸ್ಟಿಕ್, ಅಲ್ಲಿಂದ ಮಾದಾವರದವರೆಗೂ ಯಾರನ್ನೂ ಎತ್ತದೆ ಹೋಗಬಹುದು. ಆದರೆ ಹಾರೋಹಳ್ಳಿಯಿಂದ ಆ ಲಿಫ್ಟಿನ ಬಾಗಿಲಿಗೆ ಇಪ್ಪತ್ತು ಕಿಲೊಮೀಟರ್‌ಗೂ ಮೇಲೆ. ಆ ದಾರಿಗೆ ಬಸ್ಸೋ ಆಟೊವೋ ಆಗಬೇಕು. ಅಷ್ಟೆಲ್ಲ ಖರ್ಚು ಮಾಡಿ ಲಿಫ್ಟ್ ಇಟ್ಟೂ, ಅಲ್ಲಿಗೆ ತಲುಪುವ ಮೊದಲು ಒಂದು ಚರಂಡಿ, ಮೂರು ಮೆಟ್ಟಿಲು ಮತ್ತು ಬಸ್ಸಿನ ಬಾಗಿಲು ದಾಟಿಸಲಾಗದಿದ್ದರೆ ಆ ಲಿಫ್ಟ್ ನಮ್ಮ ಪಾಲಿಗೆ ಇಲ್ಲದ್ದೇ ಸರಿ.

ಹಳ್ಳಿಗಳ ನಿಜವಾದ ವ್ಹೀಲ್‌ಚೇರ್ ಎಂದರೆ ಪ್ಲಾಸ್ಟಿಕ್ ಕುರ್ಚಿ. ಮದುವೆ ಮನೆ, ಕಬ್ಬಾಳಮ್ಮನ ಗುಡಿ, ತಾಲ್ಲೂಕು ಕಚೇರಿ ಎಲ್ಲಿಗೆ ಹೋದರೂ ಇಬ್ಬರು ಗಂಡಸರು ಅತ್ತಿತ್ತ ನಿಂತು ಕುರ್ಚಿಯ ಕೈ ಹಿಡಿದು ಎತ್ತಿಕೊಂಡು ಹೋಗುವುದನ್ನು ನೋಡಿರುತ್ತೀರಿ. ಸಂಗಮದಲ್ಲಿ ಮೇಕೆದಾಟಿಗೆ ಹೋಗುವವರು ನದಿ ದಾಟುವ ತೆಪ್ಪಕ್ಕೂ ಅಜ್ಜಿಯಂದಿರನ್ನು ಹೀಗೇ ಇಳಿಸುತ್ತಾರೆ. ಅಲ್ಲೊಂದು ಎಚ್ಚರಿಕೆ: ಕುರ್ಚಿಯ ಸಮೇತ ತೆಪ್ಪದಲ್ಲಿ ಕೂರಿಸಬಾರದು, ತಳದಲ್ಲೇ ನಡುಮಧ್ಯೆ ಕೂರಿಸಬೇಕು. ಪ್ಲಾಸ್ಟಿಕ್ ಕುರ್ಚಿ ಪ್ರೀತಿಯ ಕುರುಹು, ಒಪ್ಪೋಣ. ಆದರೆ ಹಾಗೆ ಹೊರಿಸಿಕೊಂಡು ಹೋದವರು ಮುಂದಿನ ಸಲ "ನಾನು ಬರಲ್ಲ, ನೀವು ಹೋಗಿ ಬನ್ನಿ" ಎನ್ನುತ್ತಾರೆ. ಊರವರಿಗೆಲ್ಲ ತಾನು ಹೊರೆ ಎಂಬ ಸಂಕೋಚ ಅದು. ಮನೆ ಬಿಟ್ಟು ಹೊರಬರುವುದು ನಿಲ್ಲುವುದು ಹೀಗೆ, ಒಂದೊಂದೇ ಮದುವೆ, ಒಂದೊಂದೇ ಜಾತ್ರೆ ತಪ್ಪುತ್ತಾ.

ಕಾನೂನಿಗೆ ಕೊರತೆಯಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಸಾರ್ವಜನಿಕ ಕಟ್ಟಡಗಳನ್ನೆಲ್ಲ ಸರಿಪಡಿಸಲು ಕೊಟ್ಟಿದ್ದ ಐದು ವರ್ಷದ ಗಡುವು 2022ಕ್ಕೇ ಮುಗಿಯಿತು. 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ನಿಯಮಗಳು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯದ ಮಾನದಂಡಗಳಾಗಬೇಕು ಎಂದು ಹೇಳಿ ಕೇಂದ್ರಕ್ಕೆ ಮೂರು ತಿಂಗಳ ಸಮಯ ಕೊಟ್ಟಿತು. ನಮ್ಮಲ್ಲಿ ಕಾನೂನು ಕಣ್ಣಿಗೆ ಬೀಳುವುದು ಮತದಾನದ ದಿನ. ಮತಗಟ್ಟೆಯಾಗುವ ಶಾಲೆಯ ಬಾಗಿಲಿಗೆ ಇಳಿಜಾರು, ಒಂದು ವ್ಹೀಲ್‌ಚೇರ್, ತಳ್ಳಲು ಒಬ್ಬ ಹುಡುಗ. 2023ರ ವಿಧಾನಸಭಾ ಚುನಾವಣೆಯಲ್ಲಂತೂ ನಡೆಯಲಾಗದವರ ಮನೆಗೇ ಮತಪತ್ರ ಬಂತು. ಮತಕ್ಕೆ ಇಷ್ಟು ಮರ್ಯಾದೆ ಕೊಡಬಲ್ಲ ವ್ಯವಸ್ಥೆಗೆ ಪಡಿತರದಂಗಡಿಗೆ, ಬ್ಯಾಂಕಿಗೆ ಅಷ್ಟೇ ಮರ್ಯಾದೆ ಕೊಡಲು ಬಾರದೆಂದು ನಾನು ನಂಬುವುದಿಲ್ಲ.

ಇಳಿಜಾರು ಎಂದು ಹಾಕಿಸುವುದರಲ್ಲೂ ಮೋಸವಿದೆ. ಎಷ್ಟೋ ಕಚೇರಿಗಳ ಮುಂದೆ ಮೆಟ್ಟಿಲ ಪಕ್ಕ ಉಳಿದ ಎರಡಡಿ ಜಾಗಕ್ಕೆ ಸಿಮೆಂಟ್ ಬಳಿದಿರುತ್ತಾರೆ; ಅದು ಸ್ಕೂಟರ್ ಏರಿಸಲು ಲಾಯಕ್ಕು. ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಒಂದಡಿ ಉದ್ದ. ಆರಿಂಚಿನ ಒಂದು ಮೆಟ್ಟಿಲಿಗೆ ಆರಡಿ, ಮೂರು ಮೆಟ್ಟಿಲಿಗೆ ಹದಿನೆಂಟಡಿ. ಜಾಗವಿಲ್ಲದಿದ್ದರೆ ನಡುವೆ ತಿರುವು ಕೊಟ್ಟು ಹಾಕಬಹುದು. ಬಾಗಿಲು ಮೂರಡಿ ಅಗಲವಿರಲಿ. ಬಚ್ಚಲ ಬಾಗಿಲಂತೂ ಎರಡೂವರೆ ಅಡಿಗಿಂತ ಕಡಿಮೆಯಾದರೆ ವ್ಹೀಲ್‌ಚೇರ್ ಒಳಗೆ ನುಸುಳುವುದು ಕಷ್ಟ.

ನಮ್ಮ ಕನಕಪುರ ಸೀಮೆಯ ಗ್ರಾನೈಟ್ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಸಂದಿಯಿಲ್ಲದ ಒಂದು ಅಗಲ ಚಪ್ಪಡಿಗೆ ಈ ಸೀಮೆಯಲ್ಲಿ ಬರ ಬರಬಾರದು. ದುಡ್ಡಿಗೂ ದಾರಿಯಿದೆ: ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿಗಳು ತಮ್ಮ ಹಣದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು. ಆ ಹಣ ಎಷ್ಟೋ ಕಡೆ ವರ್ಷದ ಕೊನೆಯಲ್ಲಿ ಹೊಲಿಗೆ ಯಂತ್ರ, ಸೋಲಾರ್ ದೀಪ ಹಂಚಿ ಮುಗಿಯುತ್ತದೆ. ಅವು ಬೇಡವೆಂದಲ್ಲ. ಅದರಲ್ಲಿ ಸ್ವಲ್ಪ ಇಳಿಜಾರಿಗೆ, ಚಪ್ಪಡಿಗೆ, ಬಸ್ ನಿಲ್ದಾಣದಲ್ಲಿ ಇಡಲು ಒಂದು ವ್ಹೀಲ್‌ಚೇರ್‌ಗೆ ಹೋಗಲಿ. ಗ್ರಾಮ ಪಂಚಾಯಿತಿಗಳಲ್ಲಿ ಇದಕ್ಕೆಂದೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಕಾರ್ಡು, ಪಿಂಚಣಿ, ಸಲಕರಣೆ ಯಾವುದಕ್ಕೂ ಮೊದಲು ಅವರನ್ನೇ ಕೇಳಿ. ಮುಂದಿನ ಗ್ರಾಮಸಭೆಗೆ ಹೋದಾಗ ಶೇ 5ರ ಹಣ ಈ ವರ್ಷ ಯಾವುದಕ್ಕೆ ಖರ್ಚಾಯಿತು ಎಂದು ಎದ್ದು ನಿಂತು ಒಂದು ಮಾತು ಕೇಳಿ. ಮನೆ ಕಟ್ಟಿಸುತ್ತಿದ್ದರೆ ಪಾಯ ಹಾಕುವ ಮೊದಲೇ ಮೇಸ್ತ್ರಿಗೆ ಇಂಚಿಗೊಂದು ಅಡಿಯ ಲೆಕ್ಕ ಹೇಳಿಬಿಡಿ. ಮನೆ ಎದ್ದ ಮೇಲೆ ಹೇಳಿದರೆ ಒಡೆದು ಕಟ್ಟಬೇಕಾಗುತ್ತದೆ.